ಕಾಂಟೆಸ್ಸಾ ಅಂಕಲ್

ನಮ್ಮ ಇಂದಿರಾನಗರದ ಕ್ರಾಸಿನಲ್ಲಿ ವಾರ ತಿಳಿಯಲು ಕ್ಯಾಲೆಂಡರ್ ನೋಡಬೇಕಿಲ್ಲ. ಕಾಂಟೆಸ್ಸಾದ ಬಾನೆಟ್ ಬಾಯಿ ತೆರೆದು, ಅದರೊಳಗಿಂದ ಲುಂಗಿ ಉಟ್ಟ ಅರ್ಧ ಮನುಷ್ಯ ಹೊರಗೆ ಕಾಣುತ್ತಿದ್ದರೆ ಅವತ್ತು ಭಾನುವಾರ. ಉಳಿದರ್ಧ ಹೊರಬರುವುದು ಕಾಫಿಗೆ ಮಾತ್ರ. ಅವರೇ ಕಾಂಟೆಸ್ಸಾ ಅಂಕಲ್. ಹಲಸೂರು ಕೆರೆಯಿಂದ ಕೆ.ಆರ್. ಪುರದ ತೂಗುಸೇತುವೆಯವರೆಗೆ, ಎಚ್‌ಎಎಲ್, ಐಟಿಐ, ಎನ್‌ಜಿಇಎಫ್‌ಗಳಲ್ಲಿ ದುಡಿದು ನಿವೃತ್ತರಾದವರು ನೆಲೆಸಿರುವ ಬೀದಿಗಳಲ್ಲಿ ಇಂಥವರು ಕ್ರಾಸಿಗೊಬ್ಬರು ಸಿಗುತ್ತಾರೆ. ಒಬ್ಬರದು ಪದ್ಮಿನಿ, ಇನ್ನೊಬ್ಬರದು ಅಂಬಾಸಿಡರ್. ಕಾರು ಬೇರೆ ಬೇರೆ, ಬಗ್ಗಿದ ಬೆನ್ನು ಒಂದೇ.

ಇವರದು 1993ರ ಕಾಂಟೆಸ್ಸಾ ಕ್ಲಾಸಿಕ್, ಇಸುಜು 1.8 ಎಂಜಿನ್. ‘1984ರಲ್ಲಿ ಮೊದಲು ಬಂದಾಗ ಇದಕ್ಕೆ ಅಂಬಾಸಿಡರ್ ಎಂಜಿನ್ ಇತ್ತು ಕಣ್ರೀ, ಆನೆಗೆ ಆಡಿನ ಕಾಲು’ ಎಂಬ ಮಾತನ್ನು ಕೇಳಿಸಿಕೊಳ್ಳದೆ ಕೊರಿಯರ್ ಹುಡುಗನೂ ಆ ಗೇಟು ದಾಟುವಂತಿಲ್ಲ. ಕಾರಿಗೆ ಕೊಂಡಾಗಿನಿಂದಲೂ ಎಸಿ ಇತ್ತು. ಅದು ಇದ್ದದ್ದು ಇದೆ ಎಂದು ಹೇಳಿಕೊಳ್ಳುವುದಕ್ಕೆ, ಹಾಕುವುದಕ್ಕಲ್ಲ. ‘ಬೆಂಗಳೂರಿಗೆ ಎಸಿ ಯಾಕ್ರೀ? 920 ಮೀಟರ್ ಎತ್ತರದಲ್ಲಿದ್ದೀವಿ. ಬ್ರಿಟಿಷರು ಶ್ರೀರಂಗಪಟ್ಟಣದ ಸೊಳ್ಳೆ, ಜ್ವರ ತಾಳಲಾರದೆ 1809ರಲ್ಲಿ ದಂಡನ್ನೇ ಇಲ್ಲಿಗೆ ತಂದರು. ಅವರು ಎಸಿ ಹಾಕ್ಕೊಂಡಿದ್ರಾ?’ ಪಕ್ಕದ ಸೀಟಿನಲ್ಲಿ ಆಂಟಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ಇತಿಹಾಸ ಕೇಳುತ್ತಿದ್ದರು.

2016ರ ಏಪ್ರಿಲ್‌ನಲ್ಲಿ ಪಾದರಸ 39.2 ಡಿಗ್ರಿಗೆ ಏರಿದಾಗ ಅಂಕಲ್ ಅದನ್ನು ಥರ್ಮಾಮೀಟರಿನ ದೋಷವೆಂದರು. 2024ರ ಬೇಸಿಗೆಯಲ್ಲಿ ಮಾತ್ರ, ಬೀದಿಯಲ್ಲಿ ನೀರಿನ ಟ್ಯಾಂಕರುಗಳು ಸಾಲುಗಟ್ಟಿದ್ದ ಒಂದು ಬೆಳಿಗ್ಗೆ, ಯಾರೂ ಏಳುವ ಮುಂಚೆ ಗುಟ್ಟಾಗಿ ಕಾರಿನಲ್ಲಿ ಕೂತು ಎಸಿ ಸ್ವಿಚ್ ಒತ್ತಿದರು. ಫ್ಯಾನ್ ತಿರುಗಿತು. ‘ಟಕ್’ ಎನ್ನಲಿಲ್ಲ.

ಆ ‘ಟಕ್’ ಇಲ್ಲದಿದ್ದರೆ ಎಸಿ ಬರೀ ಫ್ಯಾನು. ಎಂಜಿನ್ ಓಡುವಷ್ಟು ಹೊತ್ತೂ ಬೆಲ್ಟು ಕಂಪ್ರೆಸರಿನ ಪುಲ್ಲಿಯನ್ನು ತಿರುಗಿಸುತ್ತಲೇ ಇರುತ್ತದೆ. ಆದರೆ ಅದರೊಳಗಿನ ಕಾಯಿಲ್‌ಗೆ ಕರೆಂಟು ಬಂದು, ಅಯಸ್ಕಾಂತವಾಗಿ, ಮುಂದಿನ ತಟ್ಟೆಯನ್ನು ‘ಟಕ್’ ಎಂದು ಎಳೆದು ಹಿಡಿದರೆ ಮಾತ್ರ ಕಂಪ್ರೆಸರ್ ತಿರುಗುವುದು. ಇಲ್ಲಿ ಪುಲ್ಲಿ ಬುಗುರಿಯಂತೆ ಸುತ್ತುತ್ತಿದೆ, ತಟ್ಟೆ ಮಾವನ ಮನೆಗೆ ಬಂದ ಅಳಿಯನಂತೆ ಅಲ್ಲಾಡುತ್ತಿಲ್ಲ.

ಮೂವತ್ತು ವರ್ಷ ಬೈಯಪ್ಪನಹಳ್ಳಿಯ ಎನ್‌ಜಿಇಎಫ್‌ನಲ್ಲಿ ಮೋಟಾರಿನ ಸುರುಳಿಗಳನ್ನು ತಪಾಸಣೆ ಮಾಡಿದವರಿಗೆ ಇದಕ್ಕಿಂತ ದೊಡ್ಡ ಸವಾಲು ಇನ್ನೇನು? ಅಂಕಲ್ ಮಲ್ಟಿಮೀಟರ್ ತೆಗೆದರು. ಫ್ಯೂಸ್ ಸರಿ. ಕಾಯಿಲ್ 3.6 ಓಮ್, ‘ನನಗಿಂತ ಆರೋಗ್ಯವಾಗಿದೆ’. ಬ್ಯಾಟರಿಯಿಂದ ನೇರ ವೈರು ಕೊಟ್ಟರು: ಟಕ್! ಕಾಯಿಲ್ ಬದುಕಿದೆ, ಕರೆಂಟು ಅದರವರೆಗೆ ಬರುತ್ತಿಲ್ಲ, ಎಂದಮೇಲೆ ರಿಲೇ ಹೋಗಿದೆ ಎಂದು ಆದೇಶ ಹೊರಟಿತು. ಶಿವಾಜಿನಗರದ ಗುಜರಿಗೆ ಹೋಗಿ ಒಂದಲ್ಲ, ಮೂರು ರಿಲೇ ತಂದರು, ‘ಮುಂದೆ ಸಿಗಲ್ಲ’ ಎಂದು. ಜತೆಗೆ ರಸೆಲ್ ಮಾರ್ಕೆಟ್ಟಿನಿಂದ ಆಂಟಿಗೆ ಎರಡು ಕೆ.ಜಿ. ದ್ರಾಕ್ಷಿ, ಲಂಚವಾಗಿ. ಮೂರು ರಿಲೇಗೂ ಎಸಿ ಜಗ್ಗಲಿಲ್ಲ. ದ್ರಾಕ್ಷಿಗೆ ಆಂಟಿಯೂ.

ಅಷ್ಟು ಹೊತ್ತಿಗೆ ಬೀದಿಯೆಲ್ಲ ಸೇರಿತ್ತು. ಎದುರು ಮನೆಯ ಸಾಫ್ಟ್‌ವೇರ್ ಹುಡುಗ ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ ಅಂಕಲ್’ ಎಂದ. ಹಾಲಿನವನು ಬೆಲ್ಟ್ ಲೂಸು ಎಂದ. ನಾನು, ತಿಳಿಯದವರು ಹೇಳುವ ಹಾಗೆ, ‘ಗ್ಯಾಸ್ ಖಾಲಿಯಾಗಿರಬಹುದು’ ಎಂದೆ.

ಅಂಕಲ್ ನನ್ನನ್ನು ನೋಡಿದ ನೋಟ! ‘ಗ್ಯಾಸಿಗೂ ಕರೆಂಟಿಗೂ ಏನ್ರೀ ಸಂಬಂಧ? ಅಡುಗೆ ಗ್ಯಾಸ್ ಮುಗಿದರೆ ಮನೆ ಲೈಟ್ ಹೋಗುತ್ತಾ?’

ಆಮೇಲೆ ವೈರು ಹಿಡಿದುಕೊಂಡು ಹೋಗುತ್ತಾ ಹೋಗುತ್ತಾ ಪೈಪಿನ ಮೇಲೆ ಕೂತಿದ್ದ ಒಂದು ಪುಟ್ಟ ಸ್ವಿಚ್ ಸಿಕ್ಕಿತು. ಅದರಾಚೆ ಕರೆಂಟಿಲ್ಲ. ‘ಕಳ್ಳ ಸಿಕ್ಕಿದ!’ ಸ್ವಿಚ್ಚಿನ ಎರಡೂ ವೈರು ಒಂದಕ್ಕೊಂದು ಸೇರಿಸಿಬಿಟ್ಟರು. ಟಕ್! ಬೀದಿ ಚಪ್ಪಾಳೆ ತಟ್ಟಿತು. ಆಂಟಿ ಒಳಗೆ ಕೂತು ಎಸಿ ಕಿಂಡಿಗೆ ಮುಖವೊಡ್ಡಿದರು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಬಿಸಿ ಗಾಳಿ ಬಂತು.

ಕಡೆಗೆ ಶಿವಾಜಿನಗರದಿಂದ ಎಸಿ ಮೆಕ್ಯಾನಿಕ್ ಭಾಯ್ ಬಂದವನೇ ಮೊದಲು ಆ ವೈರು ಕಿತ್ತು ಹಾಕಿದ. ‘ಕಂಪ್ರೆಸರ್ ಸಾಯ್ಸಿಬಿಡ್ತಿದ್ರಿ ಸಾರ್. ಗ್ಯಾಸ್ ಇಲ್ದಿದ್ರೆ ಈ ಸ್ವಿಚ್ಚೇ ಲೈನ್ ಕಟ್ ಮಾಡತ್ತೆ. ಗ್ಯಾಸ್ ಜತೇಲೇ ಆಯಿಲ್ ತಿರುಗೋದು. ಗ್ಯಾಸಿಲ್ಲ ಅಂದ್ರೆ ಆಯಿಲಿಲ್ಲ, ಒಣಗಿ ಜಾಮ್ ಆಗತ್ತೆ. ಸ್ವಿಚ್ ಕೆಟ್ಟಿಲ್ಲ, ಡ್ಯೂಟಿ ಮಾಡ್ತಾ ಇದೆ.’

ಅಂಕಲ್ ಸ್ವಿಚ್ಚನ್ನು ಗೌರವದಿಂದ ನೋಡಿದರು. ತಪಾಸಣೆ ವಿಭಾಗದಲ್ಲಿದ್ದು, ಕೆಲಸ ನಿಲ್ಲಿಸಿದ್ದಕ್ಕೇ ಬೈಸಿಕೊಂಡವರ ಸಂಕಟ ಅವರಿಗೆ ಗೊತ್ತು. ಅಡುಗೆ ಗ್ಯಾಸಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೀದಿಯಲ್ಲಿ ಇನ್ನೂ ಬಾಳಬೇಕಲ್ಲ.

ಕಂಪ್ರೆಸರಿನ ಮೂತಿಗೆ ಎಣ್ಣೆ ಹತ್ತಿ ಧೂಳು ಮೆತ್ತಿಕೊಂಡಿತ್ತು. ಭಾಯ್ ಅಲ್ಲಿ ಬೆರಳಿಟ್ಟು ನೋಡಿ, ‘ಶಾಫ್ಟ್ ಸೀಲ್ ಒಣಗಿ ಲೀಕಾಗಿದೆ. ಎಸಿ ಲಾಸ್ಟ್ ಯಾವಾಗ ಹಾಕಿದ್ರಿ?’ ಎಂದ.

ಅಂಕಲ್ ಆಕಾಶ ನೋಡಿದರು. ಉತ್ತರ ಕೊಟ್ಟಿದ್ದು ಆಂಟಿ: ‘2009, ಮಗಳ ಮದುವೆ. ಗಂಡಿನ ಕಡೆಯವರನ್ನ ಸ್ಟೇಷನ್ನಿಂದ ಕರಕೊಂಡು ಬರುವಾಗ.’

‘ಹದಿನೈದು ದಿವ್ಸಕ್ಕೊಂದ್ಸಲ ಐದು ನಿಮಿಷ ಓಡಿಸಬೇಕಿತ್ತು ಸಾರ್. ಸೀಲಿಗೆ ಆಯಿಲ್ ಸಿಗ್ತಿತ್ತು.’

ಹಾಗೆ, ‘ಬೆಂಗಳೂರಿಗೆ ಎಸಿ ಯಾಕೆ’ ಎಂಬ ಹದಿನೈದು ವರ್ಷದ ಭಾಷಣ ಒಂದು ರಬ್ಬರ್ ಸೀಲನ್ನು ಒಣಗಿಸಿತ್ತು. ಆದರೂ ಅಂಕಲ್ ಪಟ್ಟು ಬಿಡಲಿಲ್ಲ. ಕಾರಿನ ಜತೆ ಬಂದ ಒರಿಜಿನಲ್ ಆರ್-12 ಗ್ಯಾಸೇ ಬೇಕೆಂದರು. ಓಜೋನ್ ಪದರ ತೂತು ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದ ಅದರ ಹಿಂದೆ ಬಿದ್ದು, ಭಾರತದಲ್ಲಿ 2010ರ ಹೊತ್ತಿಗೆ ಅದರ ತಯಾರಿಕೆ ಮುಗಿದ ಕತೆ. ‘ಹಾಗಾದ್ರೆ ನನ್ನ ಕಾರಲ್ಲಿದ್ದ ಗ್ಯಾಸ್ ಎಲ್ಲಿ?’ ಎಂದರು, ಯಾರೋ ಕದ್ದವರ ಹಾಗೆ. ಭಾಯ್ ಬೆರಳನ್ನು ಮೇಲಕ್ಕೆ ತೋರಿಸಿದ. ಅಂಕಲ್ ಮತ್ತೊಮ್ಮೆ ಆಕಾಶ ನೋಡಿದರು, ಈ ಸಲ ತಪ್ಪಿತಸ್ಥರಂತೆ.

ಸೀಲು, ಓ-ರಿಂಗು, ಡ್ರೈಯರ್ ಎಲ್ಲ ಹೊಸದಾದವು. ಹಳೇ ಎಣ್ಣೆ ಆರ್-134ಎಗೆ ಹೊಂದುವುದಿಲ್ಲವೆಂದು ಅದನ್ನೂ ತೊಳೆದು ತೆಗೆದು, ವ್ಯಾಕ್ಯೂಮ್ ಎಳೆದು, ಹೊಸ ಗ್ಯಾಸ್ ತುಂಬಿಸಿದ್ದಾಯಿತು. ಮೂರು ರಿಲೇಗಳು ಶೋಕೇಸಿನಲ್ಲಿ ಚನ್ನಪಟ್ಟಣದ ಬೊಂಬೆಗಳ ಪಕ್ಕ ಕೂತಿವೆ.

ಮೊನ್ನೆ ಟಿನ್ ಫ್ಯಾಕ್ಟರಿಯ ಜಾಮ್‌ನಲ್ಲಿ ನನ್ನ ಸ್ಕೂಟರ್ ಪಕ್ಕ ಕಾಂಟೆಸ್ಸಾ ಬಂದು ನಿಂತಿತು. ಗಾಜೆಲ್ಲ ಏರಿಸಿತ್ತು. ನನ್ನನ್ನು ಕಂಡು ಅಂಕಲ್ ಕಳ್ಳ ಸಿಕ್ಕಿಬಿದ್ದಂತೆ ಬೆಚ್ಚಿ, ಗರಗರ ಹಿಡಿ ತಿರುಗಿಸಿ ಗಾಜು ಇಳಿಸಿದರು. ತಣ್ಣನೆ ಗಾಳಿ ಬಂದು ನನ್ನ ಮುಖಕ್ಕೆ ತಗಲಿತು.

‘ನೋಡಿದ್ರಾ, ಏನೇ ಹೇಳಿ, ನಮ್ಮ ಬೆಂಗಳೂರು ಇವತ್ತಿಗೂ ತಣ್ಣಗೇ ಇದೆ’ ಎಂದರು.

ಒಳಗಿಂದ ಆಂಟಿಯ ದನಿ ಬಂತು: ‘ಗಾಜು ಏರಿಸ್ರೀ. ಬೆಂಗಳೂರು ಹೊರಗೆ ಹೋಗ್ತಾ ಇದೆ.’