ಹಬೆಯ ನೆಲೆ-ಬೆಲೆಗಳು: ಒಂದು ತಾತ್ವಿಕ ಅನುಸಂಧಾನ

1. ಪ್ರಸ್ತಾವನೆ, ಉದ್ದೇಶ, ವ್ಯಾಪ್ತಿ ಹಾಗೂ ಮಿತಿ

ಜರ್ಮನಿಯ ಟುಟ್ಲಿಂಗೆನ್ ಊರು ಶಸ್ತ್ರಚಿಕಿತ್ಸೆಯ ಕತ್ತರಿ-ಇಕ್ಕಳಗಳಿಗೆ ಹೆಸರುವಾಸಿ. ಅಲ್ಲಿನ ಸ್ಟೋರ್ಟ್ಸ್ ಅಂಡ್ ಬಿಕೆಲ್ ಕಂಪನಿ 2000ದಲ್ಲಿ ‘ವೋಲ್ಕೇನೋ’ ಎಂಬ ವೇಪರೈಸರನ್ನು ಮಾರುಕಟ್ಟೆಗೆ ತಂದಿತು. ಮೇಜಿನ ಮೇಲೆ ಕೂರುವ ಲೋಹದ ಶಂಕು, ಒಳಗೆ ಹೀಟರು, ಗಾಳಿಯೂದುವ ಪಂಪು, ನೆತ್ತಿಯ ಮೇಲೆ ಹಬೆ ತುಂಬಿಕೊಳ್ಳುವ ಬಲೂನು. ಒಣಸೊಪ್ಪನ್ನು ಸುಡದೆ, ಬಿಸಿಗಾಳಿ ಹಾಯಿಸಿ ಅದರ ಸಾರವನ್ನಷ್ಟೇ ಎಬ್ಬಿಸುತ್ತದೆ.

ಇಷ್ಟು ಸರಳವಾಗಿ ಬರೆದರೆ ಪಿಎಚ್.ಡಿ. ಮಾರ್ಗದರ್ಶಕರು ಒಪ್ಪುವುದಿಲ್ಲ. ಆದ್ದರಿಂದ ಹೀಗೆ ತಿದ್ದಿಕೊಳ್ಳಲಾಗಿದೆ: ಸಸ್ಯನಿಷ್ಠ ಸುಗಂಧಸತ್ವದ ಅದಹನಾತ್ಮಕ ವಿಮೋಚನೆಯ ನೆಲೆಯಲ್ಲಿ ಪ್ರಸ್ತುತ ಉಪಕರಣವು ಗಾಳಿ ಮತ್ತು ಸೊಪ್ಪಿನ ನಡುವಣ ಉಷ್ಣಸಂಕಥನವೊಂದನ್ನು ಕಟ್ಟಿಕೊಡುತ್ತದೆ.

ಸಂಶೋಧನಾ ಸಮಸ್ಯೆ: ಹಬೆ ಸಾಲದು.

2. ಹಬೆಕೊರತೆಯ ಚತುರ್ವಿಧ ವರ್ಗೀಕರಣ

ಹಬೆಕೊರತೆಯು ಆರ್ದ್ರತಾಮೂಲ, ಚೂರ್ಣತಾಮೂಲ, ಶ್ವಾಸಮೂಲ, ಜಾಲಂಧ್ರಮೂಲ ಎಂದು ನಾಲ್ಕು ಬಗೆ. ಒಂದೊಂದರಲ್ಲೂ ಉತ್ತಮ, ಮಧ್ಯಮ, ಅಧಮ ಎಂಬ ಭೇದಗಳುಂಟು. ಒಟ್ಟು ಹನ್ನೆರಡು, ಕೋಷ್ಟಕ ಹಾಕಿದರೆ ಎರಡು ಪುಟ ತುಂಬುತ್ತದೆ.

2.1 ಆರ್ದ್ರತಾಮೂಲ. ಸೊಪ್ಪಿನಲ್ಲಿ ಪಸೆ ಉಳಿದಿದ್ದರೆ ಯಂತ್ರದ ಶಾಖವೆಲ್ಲ ಮೊದಲು ನೀರನ್ನು ಓಡಿಸುವುದಕ್ಕೇ ಖರ್ಚಾಗುತ್ತದೆ. ಬಲೂನು ಉಬ್ಬುತ್ತದೆ, ಘಮ ಬರುವುದಿಲ್ಲ. ಇದನ್ನು ಜಲಕೇಂದ್ರಿತ ಯಜಮಾನಿಕೆ ಎನ್ನಬಹುದು. ಎನ್ನದಿದ್ದರೆ ಅಧ್ಯಾಯ ತಿರುಗಿ ಬರುತ್ತದೆ.

2.2 ಚೂರ್ಣತಾಮೂಲ. ಇಡೀ ಎಲೆ ಇಟ್ಟರೆ ಬಿಸಿಗಾಳಿ ಸಂದಿಯಲ್ಲಿ ನುಸುಳಿಹೋಗುತ್ತದೆ. ನುಣ್ಣಗೆ ಪುಡಿಮಾಡಿದರೆ ಜಾಲರಿ ಕಟ್ಟಿಕೊಂಡು ಗಾಳಿಯೇ ಆಡುವುದಿಲ್ಲ. ತರಿತರಿಯಾಗಿರಬೇಕು, ಅದುಮಿ ತುಂಬಬಾರದು. ಇದರ ಉತ್ತಮ-ಮಧ್ಯಮ-ಅಧಮ ಭೇದಗಳನ್ನು ಓದುಗರೇ ಊಹಿಸಿಕೊಳ್ಳತಕ್ಕದ್ದು. ನನಗೆ ಬೇಸರ ಬಂದಿದೆ.

3. ಉಷ್ಣಾಂಕದ ಸಾಂಸ್ಕೃತಿಕ ರಾಜಕಾರಣ

ಕಂಪನಿಯ ಕೈಪಿಡಿಯ ಪ್ರಕಾರ ನೀಲಗಿರಿ ಎಲೆಗೂ ಲ್ಯಾವೆಂಡರಿಗೂ 130 ಡಿಗ್ರಿ ಸೆಲ್ಸಿಯಸ್, ಹಾಪ್ಸ್ ಹೂವಿಗೆ 154, ಥೈಮ್ ಮತ್ತು ಕ್ಯಾಮೊಮೈಲಿಗೆ 190. ಹಾಪ್ಸಿಗೆ 155 ಏಕಲ್ಲ ಎಂಬ ಪ್ರಶ್ನೆಯನ್ನು ವಸಾಹತೋತ್ತರ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಬೇಕಾದ ಜರೂರಿದೆ.

ನೀಲಗಿರಿ ಎಣ್ಣೆಯ ಮುಖ್ಯ ಅಂಶವಾದ ಸಿನಿಯೋಲ್ ಕುದಿಯುವುದು ಸುಮಾರು 176 ಡಿಗ್ರಿಗೆ. ಹಾಗಾದರೆ 130ಕ್ಕೇ ಹಬೆ ಹೇಗೆ ಬಂತು ಎಂದು ವೈವಾದಲ್ಲಿ ಖಂಡಿತ ಕೇಳುತ್ತಾರೆ. ತಂತಿಯ ಮೇಲಿನ ಬಟ್ಟೆ ಒಣಗಬೇಕಾದರೆ ನೀರು ಕುದಿಯಬೇಕೇ ಸ್ವಾಮಿ? ಈ ಉತ್ತರಕ್ಕೆ ಅಂಕವಿಲ್ಲ. ‘ಬಾಷ್ಪೀಭವನದ ಪೂರ್ವಕ್ವಥನೀಯ ಸಾಧ್ಯತೆಗಳು’ ಎಂದರೆ ಪರೀಕ್ಷಕರು ತಲೆದೂಗಿ ಚಹಾ ತರಿಸುತ್ತಾರೆ.

ಗುಂಡಿ ತಿರುಗಿಸಿ ಡಿಗ್ರಿ ಏರಿಸಿದರೆ ಹಬೆ ದಟ್ಟವಾಗುವುದೇನೋ ನಿಜ. ಏರಿಸುತ್ತಲೇ ಹೋದರೆ ಸೊಪ್ಪು ಕರಕಲಾಗಿ, ಯಾವ ಹೊಗೆ ಬೇಡವೆಂದು ಯಂತ್ರ ಕೊಂಡಿರೋ ಅದೇ ಗಂಟಲಿಗಿಳಿಯುತ್ತದೆ. ವೋಲ್ಕೇನೋ 230ಕ್ಕೆ ನಿಲ್ಲುವುದು ಇದಕ್ಕೇ. ಇನ್ನು ಮೂರನೆಯ ಬಗೆ, ಶ್ವಾಸಮೂಲ: ಕೊಳವೆಯಿಂದ ನಾವೇ ಎಳೆಯುವ ಯಂತ್ರಗಳಲ್ಲಿ ಜೋರಾಗಿ ಎಳೆದರೆ ಗಾಳಿ ಕಾಯುವ ಮೊದಲೇ ಹೀಟರನ್ನು ದಾಟಿಬಿಡುತ್ತದೆ. ನಿಧಾನವಾಗಿ ಎಳೆಯಿರಿ. ಸೊಪ್ಪಿಡುವ ಬಟ್ಟಲೂ ಮೊದಲೇ ಬಿಸಿಯಾಗಿರಲಿ, ತಣ್ಣನೆಯ ಲೋಹ ಮೊದಲ ಬಲೂನಿನ ಕಾವನ್ನು ತಾನೇ ನುಂಗುತ್ತದೆ. ನಡುವೆ ಒಮ್ಮೆ ಸೊಪ್ಪನ್ನು ಕೆದಕಿ.

ಮುಗಿಯಿತು. ವಿಷಯ ಇರುವುದೇ ಇಷ್ಟು. ಇಷ್ಟನ್ನೇ ಮುನ್ನೂರು ಪುಟಕ್ಕೆ ಎಳೆದು, ರೆಕ್ಸಿನ್ ಹೊದಿಸಿ, ಬೆನ್ನಿಗೆ ಚಿನ್ನದಕ್ಷರ ಅಚ್ಚೊತ್ತಿಸಿದರೆ ಮಾತ್ರ ಹೆಸರಿನ ಮುಂದೆ ‘ಡಾ’ ಬರುತ್ತದೆ. ಊರೂರು ತಿರುಗಿ ನಾಟಿವೈದ್ಯರ ಜಗಲಿಯಲ್ಲಿ ಕೂತು, ಯಾವ ಎಲೆಯನ್ನು ಎಷ್ಟು ಬಾಡಿಸಬೇಕು, ಯಾವುದಕ್ಕೆ ಬರೀ ಕೆಂಡದ ಶಾಖ ಸಾಕು ಎಂದು ಬರೆದುಕೊಂಡು ಬಂದ ಹುಡುಗಿಯರನ್ನು ನಾನು ಬಲ್ಲೆ. ಅವರ ನೋಟ್‌ಬುಕ್ಕಿನಲ್ಲಿ ವಿದ್ಯೆಯಿತ್ತು. ಸಲ್ಲಿಕೆಯಾದ ಪ್ರಬಂಧದಲ್ಲಿ ಆ ವೈದ್ಯರು ‘ಮಾಹಿತಿದಾತ-7’ ಆದರು, ಎಲೆ ‘ಪಠ್ಯ’ವಾಯಿತು, ಕೆಂಡದ ಮಾತು ‘ಅಪ್ರಸ್ತುತ ವಿವರ’ವೆಂದು ಕೆಂಪು ಶಾಯಿಯಲ್ಲಿ ಹೊಡೆಸಿಕೊಂಡಿತು. ಆ ಮುದುಕರಲ್ಲಿ ಕೆಲವರು ಈಗಿಲ್ಲ. ಹೊಡೆದುಹಾಕಿದ ಸಾಲನ್ನು ಇನ್ನು ಯಾರ ಬಳಿ ಕೇಳಿ ತುಂಬಿಸುವುದು? ಗ್ರಂಥಾಲಯದ ಕಪಾಟಿನಲ್ಲಿ ಉಳಿದಿರುವುದು ‘ನೆಲೆಗಳು’ ಮಾತ್ರ.

ಮರೆತೆ, ನಾಲ್ಕನೆಯ ಬಗೆ ಜಾಲಂಧ್ರಮೂಲ ಬಾಕಿ ಇದೆ. ಜಾಲರಿಗೆ ಅಂಟು ಹಿಡಿದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ, ತಿಕ್ಕಿ ತೊಳೆಯಿರಿ. ಅದು ಬೆಂಕಿ ಹಿಡಿಯುವ ದ್ರವ. ಜಾಲರಿ ಪೂರ್ತಿ ಆರುವ ತನಕ ಸ್ವಿಚ್ ಹಾಕಬೇಡಿ.