ಚಂಡಮಾರುತದ ಸ್ವಿಚ್ಚು ಯಾರ ಕೈಲಿ?

ಚಂಡಮಾರುತವನ್ನು ಸರ್ಕಾರವೇ ಗುಟ್ಟಾಗಿ ನಡೆಸುತ್ತದೆ ಎಂಬ ನಂಬಿಕೆ ಅಮೆರಿಕದಲ್ಲಿ 2024ರ ‘ಹೆಲೀನ್’ ಬಳಿಕ ಜೋರಾಗಿ ಬೀಸಿತು. ಮುಖ್ಯ ಆರೋಪಿ ಅಲಾಸ್ಕದ ಗಕೋನಾದಲ್ಲಿರುವ ‘ಹಾರ್ಪ್’ ಕೇಂದ್ರ. ವಾದ ಸಾಮಾನ್ಯವಾಗಿ ಹೀಗೆ ಸಾಗುತ್ತದೆ.

ಸಂಶಯವಾದಿ: ಅಲ್ಲಿ 180 ಆಂಟೆನಾ ನೆಟ್ಟಿರೋದು ಸುಮ್ಮನೇನಾ?

ತಜ್ಞ: ಅಯಾನುಗೋಳದ ಅಧ್ಯಯನಕ್ಕೆ. ಬಿರುಗಾಳಿ ಹುಟ್ಟೋದು ಅದಕ್ಕಿಂತ ಬಹಳ ಕೆಳಗೆ.

ಸಂಶಯವಾದಿ: ಅದರ ಶಕ್ತಿ?

ತಜ್ಞ: 3.6 ಮೆಗಾವಾಟ್. ಚಂಡಮಾರುತ ಹೊರಹಾಕುವ ಶಾಖವಾದರೋ ಇಡೀ ಜಗತ್ತಿನ ವಿದ್ಯುತ್ ಉತ್ಪಾದನೆಯ ಹಲವು ಪಟ್ಟು.

ಸಂಶಯವಾದಿ: ಹಾಗಿದ್ರೆ ನಿಜವಾದ ಯಂತ್ರ ಬಚ್ಚಿಟ್ಟಿದ್ದಾರೆ ಅಂತಾಯ್ತು!

ಈ ಬಗೆಯ ವಾದದಲ್ಲಿ ಪುರಾವೆ ಸಿಗದಿರುವುದೇ ಗಟ್ಟಿ ಪುರಾವೆ. ಆದರೂ ನಂಬಿಕೆಗೆ ಒಂದು ಬೇರಿದೆ. 1947ರ ಅಕ್ಟೋಬರಿನಲ್ಲಿ ಅಮೆರಿಕದ ‘ಸಿರಸ್’ ಮೋಡಬಿತ್ತನೆ ಯೋಜನೆಯವರು ಅಟ್ಲಾಂಟಿಕ್‌ನ ಚಂಡಮಾರುತವೊಂದಕ್ಕೆ ಡ್ರೈ ಐಸ್ ಸುರಿದರು; ಅದು ತಿರುಗಿ ಜಾರ್ಜಿಯಾದ ಸವಾನಾಕ್ಕೆ ಅಪ್ಪಳಿಸಿತು. ಬಿತ್ತುವ ಮೊದಲೇ ಅದು ತಿರುಗತೊಡಗಿತ್ತೆಂಬುದು ಆಮೇಲೆ ತಿಳಿಯಿತು. 1962ರ ‘ಸ್ಟಾರ್ಮ್‌ಫ್ಯೂರಿ’ ಯೋಜನೆ ಸಿಲ್ವರ್ ಅಯೊಡೈಡ್ ಬಿತ್ತಿ ಗಾಳಿಯ ಬಿರುಸು ತಗ್ಗಿಸಲು ಹೆಣಗಿತು. ಫಲ ಕಾಣದೆ 1983ರಲ್ಲಿ ಬಾಗಿಲು ಹಾಕಿತು.

ಸಂಶಯವಾದಿ: ಮುಚ್ಚಿದ್ದು ಯಾಕೆ? ವಿದ್ಯೆ ಕಲಿತಾಯ್ತು ಅಂತಲ್ವೇ?

ತಜ್ಞ: ಇಪ್ಪತ್ತು ವರ್ಷ ಹೆಣಗಿದರೂ ಚಂಡಮಾರುತಕ್ಕೆ ಅದು ಗೊತ್ತೇ ಆಗಲಿಲ್ಲ, ಅದಕ್ಕೆ.