ಬೆಂಗಳೂರಿನಲ್ಲಿ ಇನ್ನೂ 2015ನೇ ಇಸವಿ

ಕ್ಯಾಲೆಂಡರ್ ಏನಾದರೂ ಹೇಳಲಿ, ನಗರ ಯೋಜನೆಯ ಲೆಕ್ಕದಲ್ಲಿ ಬೆಂಗಳೂರಿಗಿನ್ನೂ 2015. ಯಾವ ಬೀದಿಯಲ್ಲಿ ಮನೆ, ಯಾವ ಬೀದಿಯಲ್ಲಿ ಅಂಗಡಿ ಎಂದು ಹೇಳಬೇಕಾದ ಪರಿಷ್ಕೃತ ಮಹಾಯೋಜನೆ-2015ಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2007ರಲ್ಲಿ. 2031ರ ಕರಡು 2017ರಲ್ಲಿ ಬಂತು. ಜನ ಕಂತೆಗಟ್ಟಲೆ ಆಕ್ಷೇಪಣೆ ಬರೆದರು. 2020ರಲ್ಲಿ ಸರ್ಕಾರ ಕರಡನ್ನೇ ವಾಪಸು ತೆಗೆದುಕೊಂಡಿತು. ಹತ್ತು ವರ್ಷಕ್ಕೊಮ್ಮೆಯಾದರೂ ಯೋಜನೆಯನ್ನು ಪರಿಷ್ಕರಿಸಬೇಕೆಂದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಹೇಳುತ್ತದೆ. ಹೇಳುವುದು ಕಾಯ್ದೆಯ ಕೆಲಸ, ಹೇಳಲಿ ಬಿಡಿ.

ಯೋಜನೆ ಇಲ್ಲವೆಂದ ಮಾತ್ರಕ್ಕೆ ಕ್ರಮವೂ ಇಲ್ಲ ಎನ್ನಬೇಡಿ. ಮೊದಲು ಕಂದಾಯ ಸೈಟು. ಅದರ ಮೇಲೆ ನಾಲ್ಕಂತಸ್ತಿನ ಪಿಜಿ. ಆಮೇಲೆ ಬೋರ್‌ವೆಲ್, ಬೋರು ಬತ್ತಿದ ಮೇಲೆ ಟ್ಯಾಂಕರ್, ಟ್ಯಾಂಕರ್ ಸಿಕ್ಕಿಹಾಕಿಕೊಂಡ ಮೇಲೆ ರಸ್ತೆಯ ಯೋಚನೆ. ಎಲ್ಲರೂ ಬಂದು ಕೂತಾದ ಮೇಲೆ ಕಾನೂನು ಬರುತ್ತದೆ, ಕಂಕುಳಲ್ಲಿ ರಸೀದಿ ಪುಸ್ತಕ. ಸೆಟ್‌ಬ್ಯಾಕ್ ನುಂಗಿದವರಿಗೆಂದೇ ಅಕ್ರಮ-ಸಕ್ರಮ ಬಂತು: ಉಲ್ಲಂಘನೆ ವಾಸದ ಮನೆಯಾದರೆ ಶೇ. 50, ವಾಣಿಜ್ಯ ಕಟ್ಟಡವಾದರೆ ಶೇ. 25ರವರೆಗೆ ಇದ್ದರೆ ದಂಡ ಕಟ್ಟಿ ಪಾವನರಾಗಿ. 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರಲ್ಲಿ ಬಿ ಖಾತಾವನ್ನು ಎ ಖಾತಾ ಮಾಡುವ ಅಭಿಯಾನ ಬಂತು, ಮಾರ್ಗಸೂಚಿ ದರದ ಶೇ. 5 ಕಟ್ಟಿದರಾಯಿತು. (ಪ್ಲಾನ್ ಪ್ರಕಾರವೇ ಮನೆ ಕಟ್ಟಿದ ಪೆದ್ದರಿಗೆ ಈವರೆಗೆ ಯಾವ ಅಭಿಯಾನವೂ ಬಂದಿಲ್ಲ.) ಈಗ ಪ್ರೀಮಿಯಂ ಎಫ್‌ಎಆರ್: ಮುಂಚೆಯೇ ಹಣ ಕಟ್ಟಿ, ಮೇಲೆ ಹೆಚ್ಚುವರಿ ಮಹಡಿ ಏರಿಸಿ. ಅಕ್ರಮ-ಸಕ್ರಮ ಪೋಸ್ಟ್‌ಪೇಯ್ಡ್ ಆಗಿತ್ತು, ಇದು ಪ್ರಿಪೇಯ್ಡ್.

ಎತ್ತರ ಕಟ್ಟುವುದು ತಪ್ಪೇನಲ್ಲ. ಮೆಟ್ರೊ ನಿಲ್ದಾಣದ ಸುತ್ತ ಹೆಚ್ಚು ಜನ ವಾಸಿಸುವಂತಾಗಬೇಕು, ಅದೇ ಸರಿಯಾದ ದಾರಿ. ಆದರೆ ಮಹಡಿ ಏರುವ ವೇಗಕ್ಕೆ ರೈಲು ಬರಬೇಕಲ್ಲ? 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದಾಗ ಕಂಬ ಇದ್ದವು, ಹಳಿ ಇದ್ದವು, ರೈಲು ಮಾತ್ರ ಮೂರೇ, 25 ನಿಮಿಷಕ್ಕೊಂದರಂತೆ. 148 ಕಿ.ಮೀ. ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಮಾಡಿದಾಗ 40 ತಿಂಗಳು ಎಂದಿದ್ದರು. ತಿಂಗಳುಗಳು ಮಾತಿಗೆ ತಪ್ಪದೆ ಬಂದು ಹೋದವು. ಎರಡೂವರೆ ಕಿ.ಮೀ. ಈಜಿಪುರ ಫ್ಲೈಓವರ್‌ಗೆ 2017ರಲ್ಲಿ ಕೈಹಾಕಿದ ಊರು, ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ 16 ಕಿ.ಮೀ.ಗೂ ಉದ್ದದ ಸುರಂಗ ಕೊರೆಯುವೆನೆಂದು ತೊಡೆ ತಟ್ಟಿದೆ. ನೆಲದ ಮೇಲೆ ಮುಗಿಯದ್ದು ನೆಲದಡಿ ಮುಗಿದೀತೆಂಬ ನಂಬಿಕೆಗೆ ಏನೆನ್ನೋಣ!

ಇವೆಲ್ಲದರ ಹಿರಿಯಣ್ಣ ಪೆರಿಫೆರಲ್ ರಿಂಗ್ ರೋಡ್. ಅಂತಿಮ ಅಧಿಸೂಚನೆ ಬಿದ್ದಿದ್ದು 2007ರಲ್ಲಿ. ಅಂದಿನಿಂದ ರೈತ ಆ ರಸ್ತೆಗೆ ಗುರುತಿಸಿದ ಜಮೀನನ್ನು ಮಾರುವ ಹಾಗಿಲ್ಲ, ಮನೆ ಕಟ್ಟುವ ಹಾಗಿಲ್ಲ, ಪರಿಹಾರವೂ ಕೈಸೇರಲಿಲ್ಲ. ರಸ್ತೆ ಬರಲಿಲ್ಲವೆಂದು ಯಾರೂ ಕೊರಗಬಾರದಲ್ಲ, ಅದಕ್ಕೇ ಅದರ ಹೆಸರನ್ನು ‘ಬೆಂಗಳೂರು ಬಿಸಿನೆಸ್ ಕಾರಿಡಾರ್’ ಎಂದು ಬದಲಾಯಿಸಿದ್ದಾರೆ. ಗುದ್ದಲಿ ಬೇಡದ ಕೆಲಸ, ಬೇಗ ಮುಗಿಯಿತು.

ಸೈಟು ಹುಡುಕುತ್ತಿರುವವರಿಗೆ ಒಂದು ಮಾತು. ಏಜೆಂಟ್ “ಸಾರ್, ರಿಂಗ್ ರೋಡ್ ಪಕ್ಕದಲ್ಲೇ” ಎಂದರೆ ಅಡ್ವಾನ್ಸ್ ಕೊಡುವ ಮೊದಲು ಅಧಿಸೂಚನೆಯ ಸರ್ವೆ ನಂಬರುಗಳನ್ನು ತೆಗೆಸಿ ನೋಡಿ. ಸೈಟು ರಸ್ತೆಯ ಪಕ್ಕದಲ್ಲಿದೆಯೋ, ರಸ್ತೆಯಲ್ಲೇ ಇದೆಯೋ ಅದರಲ್ಲಿ ಗೊತ್ತಾಗುತ್ತದೆ.